ಕಲ್ಲು ಕೆತ್ತಲು ಊರು ಬಿಟ್ಟವರು, ಊರಲ್ಲಿ ಉಳಿದವರು: ಆರೋಗ್ಯದ ಸುದ್ದಿ ಹೇಳಿಕೊಳ್ಳುವ ಬಗೆ

"ಊಟ ಆತೇನೋ?" "ಆತ್ ಬೇ." "ಆರಾಮ್ ಅದೀ ಇಲ್ಲೋ?" "ಆರಾಮ್ ಅದೀನಿ."

ಶಿಲ್ಪ ಕಲಿಯಲು ಹೋದ ಹುಡುಗರು ಮನೆಗೆ ಮಾಡುವ ಫೋನು ಹೆಚ್ಚುಕಡಿಮೆ ಇಷ್ಟಕ್ಕೇ ಮುಗಿಯುತ್ತದೆ. ಅವ್ವನಿಗೆ ಸಮಾಧಾನ, ಮಗನಿಗೆ ನಿದ್ದೆ. ಇದರಲ್ಲಿ ಸುಳ್ಳೇನೂ ಇಲ್ಲ, ಸುದ್ದಿಯೂ ಇಲ್ಲ. ಕಲ್ಲಿನ ಕೆಲಸ ತರುವ ಕಾಯಿಲೆಗಳು ಮೊದಲ ಕೆಲವು ವರ್ಷ ಮನುಷ್ಯನನ್ನು ಆರಾಮಾಗಿಯೇ ಇಟ್ಟಿರುತ್ತವೆ. ಹಾಗಾಗಿ ಏನು ಕೇಳಬೇಕು, ಏನು ಹೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶೆಡ್ಡಿರಲಿ, ಬಿಡದಿ ಹತ್ತಿರದ ಜೋಗರದೊಡ್ಡಿಯ ತರಬೇತಿ ಕೇಂದ್ರವಿರಲಿ, ಕಾರ್ಕಳವಿರಲಿ, ಗಡಿಯಾಚೆಯ ಮಹಾಬಲಿಪುರವಿರಲಿ, ಎಲ್ಲಿ ಉಳಿ ಹಿಡಿದರೂ ಮಾತು ಒಂದೇ. ಇದನ್ನು ಕಲಿಯುವವರೂ ಓದಲಿ, ಮನೆಯವರೂ ಓದಲಿ.

ಹೊರಡುವ ಮುಂಚೆ

ಹೊಸ ಉಳಿ ಸೆಟ್ಟು ಕೊಳ್ಳುವ ಮುಂಚೆ ಎದೆಯ ಎಕ್ಸ್‌ರೇ ಒಂದು ತೆಗೆಸಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಜಿಲ್ಲಾಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಹೋಗುವ ಅನುಕೂಲವಿದ್ದರೆ, ಕೊಳವೆಗೆ ಬಾಯಿಟ್ಟು ಜೋರಾಗಿ ಊದಿಸುವ ಶ್ವಾಸಕೋಶದ ಪರೀಕ್ಷೆಯನ್ನೂ ಮಾಡಿಸಿ. ಹದಿನೆಂಟರ ಹುಡುಗನಿಗೆ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಇನ್ನು ಐದಾರು ವರ್ಷಕ್ಕೆ ಕೆಮ್ಮು ಬಂದು ಡಾಕ್ಟರ ಮುಂದೆ ಕೂತಾಗ, "ಮೊದಲು ಹೇಗಿತ್ತು" ಎಂದು ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ, ಅದಕ್ಕೆ. ಫಿಲ್ಮು ಮನೆಯಲ್ಲೇ ಇರಲಿ, ಹಾಸ್ಟೆಲಿನ ಟ್ರಂಕಿನಲ್ಲಿ ಬೇಡ. ಬೆಳಕಿಗೆ ಹಿಡಿದು ಒಂದು ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ.

ಆಮೇಲೆ ಒಂದು ಹಾಳೆ ಬರೆಯಿರಿ. ಒಂದೇ ಹಾಳೆ ಸಾಕು. ರಕ್ತದ ಗುಂಪು, ಒಗ್ಗದ ಮಾತ್ರೆ ಯಾವುದಾದರೂ ಇದ್ದರೆ ಅದರ ಹೆಸರು, ಚಿಕ್ಕಂದಿನಲ್ಲಿ ಉಬ್ಬಸ ಅಥವಾ ಫಿಟ್ಸ್ ಇತ್ತೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿತ್ತೇ, ಈಗ ದಿನವೂ ನುಂಗುವ ಮಾತ್ರೆ, ಧನುರ್ವಾಯುವಿನ ಚುಚ್ಚುಮದ್ದು ಕೊನೆಗೆ ತೆಗೆದುಕೊಂಡದ್ದು ಯಾವಾಗ. ಈ ಲಸಿಕೆಯನ್ನು 10 ಮತ್ತು 16ನೇ ವಯಸ್ಸಿನಲ್ಲಿ ಸರ್ಕಾರವೇ ಪುಕ್ಕಟೆ ಹಾಕುತ್ತದೆ. 16ರದ್ದು ತಪ್ಪಿಸಿಕೊಂಡವರೂ ಇರುತ್ತಾರೆ. ಉಳಿ ಹಿಡಿದ ಮೇಲೆ ಗಾಯ ತಪ್ಪಿದ್ದಲ್ಲ, ಆದ್ದರಿಂದ ಹೊರಡುವ ಮೊದಲೇ ವಿಚಾರಿಸಿ.

ಹಾಳೆಯ ಹಿಂಬದಿಯಲ್ಲಿ ಫೋನ್ ನಂಬರುಗಳು: ಗುರುಗಳದ್ದು, ಶೆಡ್ಡಿನ ಮೇಸ್ತ್ರಿಯದ್ದು, ಪಕ್ಕದ ಹಾಸಿಗೆಯವನದ್ದು. ಮನೆಯವರು ಗುರುಗಳ ನಂಬರನ್ನಷ್ಟೇ ಬರೆದುಕೊಂಡು ಬರುತ್ತಾರೆ. ರಾತ್ರಿ ಜ್ವರ ಬಂದಾಗ ಪಕ್ಕದಲ್ಲಿರುವವನು ಗೆಳೆಯ. ಅವನ ನಂಬರು ಬೇಕೇ ಬೇಕು.

ಆಯುಷ್ಮಾನ್ ಕಾರ್ಡು ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಉಳಿದವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುತ್ತದೆ, ಆದ್ದರಿಂದ ಮೊದಲ ಹೆಜ್ಜೆ ಅಲ್ಲಿಗೇ ಇಡುವುದು ಜಾಣತನ. ಅಸಲು ಕಾರ್ಡು ಯಾರ ಬಳಿ, ಫೋಟೋ ಯಾರ ಬಳಿ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದುಬಿಡಿ.

ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ

ಆರೋಗ್ಯದ ಸುದ್ದಿಗೆ ಮನೆಯಲ್ಲಿ ಒಬ್ಬರೇ ಇರಬೇಕು, ಅದು ಅವ್ವನೇ ಆಗಬೇಕೆಂದಿಲ್ಲ. ಗಾಬರಿಯಾಗದೆ ಪೂರ್ತಿ ಕೇಳಿಸಿಕೊಳ್ಳುವವರು, ಆಸ್ಪತ್ರೆಯ ಚೀಟಿ ಓದಬಲ್ಲವರು, ಕೇಳಿದ್ದನ್ನು ಬರೆದಿಡುವವರು ಯಾರೋ ಅವರು. ಎಷ್ಟೋ ಮನೆಯಲ್ಲಿ ಅದು ಅಕ್ಕ, ಕೆಲವೆಡೆ ಸೋದರಮಾವ. ಅಪ್ಪ ಅವ್ವನಿಗೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಅವರ ಜವಾಬ್ದಾರಿ.

ಮನೆಯವರ ವಾಟ್ಸ್ಆಪ್ ಗುಂಪಿಗೆ ಗಾಯದ ಫೋಟೋ ಹಾಕಲೇಬೇಡಿ. ಹೊಲಿಗೆ ಹಾಕಿದ ಬೆರಳಿನ ಚಿತ್ರ ಚಿಕ್ಕಪ್ಪನ ಊರು ಸುತ್ತಿ ಅವ್ವನಿಗೆ ತಲುಪುವ ಹೊತ್ತಿಗೆ ಕೈಯೇ ಹೋಗಿರುತ್ತದೆ. ಗುರುತಿನ ಚೀಟಿ, ಕಾರ್ಡು, ರಿಪೋರ್ಟುಗಳೂ ಆ ಒಬ್ಬರಿಗಷ್ಟೇ ಹೋಗಲಿ.

ಹುಡುಗಿಯರಿಗೆ ಈ ಆಯ್ಕೆ ಇನ್ನೂ ಮುಖ್ಯ. ಶಿಲ್ಪದ ಶೆಡ್ಡುಗಳಲ್ಲಿ ಹುಡುಗಿಯರು ಈಗೀಗ ಕಾಣುತ್ತಿದ್ದಾರೆ, ಆದರೆ ಶೆಡ್ಡುಗಳು ಅವರನ್ನು ನೆನೆದು ಕಟ್ಟಿದವಲ್ಲ. ಶೌಚಾಲಯ ದೂರವೆಂದು ನೀರು ಕುಡಿಯುವುದನ್ನೇ ಬಿಟ್ಟು ಉರಿಮೂತ್ರ ತಂದುಕೊಳ್ಳುವುದು, ಮುಟ್ಟಿನ ದಿನ ಭಾರ ಎತ್ತಲಾರೆ ಎಂದು ಹೇಳಲಾಗದೆ ಎತ್ತುವುದು, ರಕ್ತ ಕಡಿಮೆಯಾಗಿ ತಲೆ ಸುತ್ತುವುದು, ಇವೆಲ್ಲ ಮೇಸ್ತ್ರಿಗೆ ಹೇಳುವ ಮಾತಲ್ಲ ಎಂದು ನುಂಗಿಕೊಳ್ಳುವಂಥವು. ಅಕ್ಕನಿಗೋ ಅತ್ತಿಗೆಗೋ ಹೇಳಿದರೆ ಅವರು ಗುರುಗಳ ಮನೆಯಮ್ಮನೊಂದಿಗೆ ಮಾತಾಡಬಹುದು. ಎಷ್ಟೋ ಕಡೆ ಕೆಲಸ ಆಗುವುದೇ ಆ ದಾರಿಯಲ್ಲಿ.

ವಾರದ ಮಾತು, ಅಮಾವಾಸ್ಯೆಯ ಮಾತು

ದಿನಾ ಫೋನ್ ಮಾಡಿ ಎಂದು ನಾನು ಹೇಳುವುದಿಲ್ಲ. ದಿನಾ ಮಾಡಿದರೆ ಮಾತು "ಆರಾಮ್" ಮಟ್ಟಕ್ಕೇ ಬಂದು ನಿಲ್ಲುತ್ತದೆ. ವಾರಕ್ಕೊಮ್ಮೆ ಸಣ್ಣ ಮಾತು, ತಿಂಗಳಿಗೊಮ್ಮೆ ಉದ್ದ ಮಾತು ಇರಲಿ. ಅಮಾವಾಸ್ಯೆಯ ದಿನ ಉಳಿ ಮುಟ್ಟದ ಶೆಡ್ಡುಗಳು ಇನ್ನೂ ಇವೆ. ರಜೆಯೂ ಆಯಿತು, ಮನೆಯಲ್ಲಿ ಕ್ಯಾಲೆಂಡರ್ ನೋಡಿ ನೆನಪಿಟ್ಟುಕೊಳ್ಳಲೂ ಸುಲಭ. ಉದ್ದ ಮಾತಿಗೆ ಅದಕ್ಕಿಂತ ಒಳ್ಳೆಯ ದಿನ ಕಾಣೆ. ಅಮಾವಾಸ್ಯೆಗೆ ರಜೆ ಕೊಡದ ಕಡೆ ತಿಂಗಳ ಮೊದಲ ಭಾನುವಾರ ಆಗಬಹುದು. ಸ್ನಾನ ಮಾಡಿ, ಧೂಳಿನ ಬಟ್ಟೆ ಬಿಚ್ಚಿಟ್ಟು, ಒಬ್ಬರೇ ಕೂತು ಮಾತಾಡಿ. ಸುತ್ತ ನಾಲ್ಕು ಜನ ಇದ್ದರೆ ಯಾರೂ ಕೆಮ್ಮಿನ ಸುದ್ದಿ ಹೇಳುವುದಿಲ್ಲ.

ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ

"ಊಟ ಆಯಿತಾ" ಬಿಡಬೇಡಿ, ಅದು ಇರಲೇಬೇಕು. ಅದರ ಬೆನ್ನಿಗೇ ಇನ್ನೊಂದು ಕೇಳಿ: "ಈ ವಾರ ಯಾವ ಕಲ್ಲು? ಉಳಿಯ ಕೆಲಸವೋ, ಮೆಷಿನ್ನಿನ ಕೆಲಸವೋ? ನೀರು ಬಿಟ್ಟು ಕೊಯ್ದಿರೋ, ಒಣದಾಗಿಯೋ?"

ಈ ಒಂದು ಪ್ರಶ್ನೆಯ ಉತ್ತರದಲ್ಲಿ ಹತ್ತು "ಹೇಗಿದ್ದೀಯ"ಗಳಿಗಿಂತ ಹೆಚ್ಚು ವಿಷಯ ಇರುತ್ತದೆ. ಗ್ರಾನೈಟಿನ ಸುಮಾರು ಕಾಲು ಭಾಗ, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಸ್ಫಟಿಕ ರೂಪದ ಸಿಲಿಕಾ. ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ ಅದು ಇನ್ನೂ ಜಾಸ್ತಿ. ಹೊಯ್ಸಳರ ಕಾಲದಿಂದ ಬಂದ ಬಳಪದ ಕಲ್ಲು ಮೃದು, ಸಿಲಿಕಾ ಕಡಿಮೆ. ಆದರೂ ಅದರ ಹಿಟ್ಟು ಉಸಿರಿಗೆ ಒಳ್ಳೆಯದೇನಲ್ಲ. ಉಳಿ ಸುತ್ತಿಗೆಯಿಂದ ಕೆತ್ತಿದರೆ ಚಕ್ಕೆ ಏಳುತ್ತದೆ, ದಪ್ಪ ಧೂಳು ಕೆಳಗೆ ಬೀಳುತ್ತದೆ. ನಿಮಿಷಕ್ಕೆ 11,000 ಸುತ್ತು ತಿರುಗುವ ನಾಲ್ಕಿಂಚಿನ ಗ್ರೈಂಡರ್ ಒಣ ಕಲ್ಲಿಗೆ ತಾಗಿದಾಗ ಏಳುವುದು ಮೋಡ. ಆ ಮೋಡದಲ್ಲಿ ಕಣ್ಣಿಗೆ ಕಾಣುವ ಧೂಳು ಬಹುಪಾಲು ಮೂಗಿನಲ್ಲೇ ನಿಲ್ಲುತ್ತದೆ. ಕಾಣದಷ್ಟು ಸಣ್ಣದು, ಅಂದರೆ ಸುಮಾರು 5 ಮೈಕ್ರಾನಿಗಿಂತ ಚಿಕ್ಕದು, ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಅದರ ಸುತ್ತ ಗಾಯದ ಕಲೆ ಕಟ್ಟಿಕೊಳ್ಳುತ್ತ ಹೋಗುವುದೇ ಸಿಲಿಕೋಸಿಸ್. ಕಟ್ಟಿದ ಕಲೆಯನ್ನು ಕರಗಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ವರ್ಷಗಳ ನಂತರ, ದಿನವಿಡೀ ಒಣ ಧೂಳಿನಲ್ಲೇ ಕೂತವರಿಗೆ ಬೇಗ.

ಹೀಗಾಗಿ ಕೆಮ್ಮು ಇಲ್ಲ ಎನ್ನುವುದು ಪುರಾವೆಯಲ್ಲ. ಯಾವ ಕಲ್ಲು, ಎಷ್ಟು ದಿನ, ಒಣದೋ ಹಸಿಯದೋ ಎಂದು ಮನೆಯ ನೋಟ್‌ಬುಕ್ಕಿನಲ್ಲಿ ತಿಂಗಳಿಗೆ ಒಂದೆರಡು ಸಾಲು ಬರೆದಿಟ್ಟರೆ ಮುಂದೆ ಡಾಕ್ಟರಿಗೆ ಅದು ಎಕ್ಸ್‌ರೇಯಷ್ಟೇ ಉಪಯೋಗಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಹೊಸ ಎಕ್ಸ್‌ರೇ ತೆಗೆಸಿ ಹಳೆಯದರ ಜೊತೆ ತೋರಿಸಿ.

"ನೀರು ಬಿಟ್ಟು ಕೊಯ್ಯಿ" ಎಂದು ಫೋನಿನಲ್ಲಿ ಉಪದೇಶ ಮಾಡುವ ಮುನ್ನ ಒಂದು ಮಾತು. ನೀರು ಧೂಳನ್ನು ತುಂಬ ತಗ್ಗಿಸುತ್ತದೆ ನಿಜ. ಆದರೆ ಮಾಮೂಲಿ ಕರೆಂಟಿನ ಗ್ರೈಂಡರ್ ಮೇಲೆ ಚೊಂಬಿನಿಂದ ನೀರು ಹುಯ್ದರೆ ಶಾಕ್ ಹೊಡೆಯುತ್ತದೆ. ನೀರಿಗೆಂದೇ ಮಾಡಿದ ಮೆಷಿನ್ ಬೇಕು, ಶೆಡ್ಡಿನ ಬೋರ್ಡಿನಲ್ಲಿ ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಸ್ವಿಚ್ ಇರಬೇಕು. ಇದು ಗುರುಗಳ ಬಳಿ ಮಾತಾಡಬೇಕಾದ ವಿಷಯ, ಹುಡುಗನನ್ನು ಗದರುವ ವಿಷಯವಲ್ಲ.

ಮನೆಯಿಂದ ಏನಾದರೂ ಕಳಿಸಬೇಕೆಂದಿದ್ದರೆ ಚಕ್ಕುಲಿ ಡಬ್ಬಿಯ ಜೊತೆ ಎನ್95 ಮಾಸ್ಕಿನ ಒಂದು ಪೆಟ್ಟಿಗೆ ಕಳಿಸಿ. ಮೂಗಿಗೆ ಕಟ್ಟುವ ಟವೆಲು, ಕರ್ಚೀಫು ಈ ಸಣ್ಣ ಧೂಳನ್ನು ತಡೆಯುವುದಿಲ್ಲ. ಮಾಸ್ಕು ಮುಖಕ್ಕೆ ಅಂಟಿ ಕೂರಬೇಕು, ಗಡ್ಡ ಬಿಟ್ಟವರಿಗೆ ಅದು ಕೂರುವುದಿಲ್ಲ. ದಿನವಿಡೀ ಗ್ರೈಂಡಿಂಗ್ ಇರುವವರಿಗೆ ಫಿಲ್ಟರ್ ಬದಲಿಸುವ ರಬ್ಬರಿನ ಮಾಸ್ಕೇ ಒಳ್ಳೆಯದು, ಬೆಲೆಯೂ ಜಾಸ್ತಿ. ಹುಟ್ಟುಹಬ್ಬಕ್ಕೆ ಬೂಟು ಕೊಡಿಸುವ ಅಣ್ಣಂದಿರು ಈ ಬಗ್ಗೆ ಯೋಚಿಸಬಹುದು.

ಕಲಿಯುವವರು ತಾವಾಗಿ ಹೇಳಬೇಕಾದ್ದು

ಎರಡು ವಾರ ದಾಟಿದ ಕೆಮ್ಮು. ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈಗ ನಿಂತು ಉಸಿರು ಬಿಡುವುದು. ಸಂಜೆ ಜ್ವರ, ತೂಕ ಇಳಿಯುವುದು. ಇವಕ್ಕೆ ಅಮಾವಾಸ್ಯೆ ಕಾಯಬೇಡಿ. ಎರಡು ವಾರದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಸಿಲಿಕಾ ಧೂಳು ಹೊಕ್ಕ ಎದೆಗೆ ಕ್ಷಯ ಹಿಡಿಯುವ ಸಾಧ್ಯತೆ ಹೆಚ್ಚು. ಡಾಕ್ಟರ ಮುಂದೆ ಕೂತ ಕೂಡಲೇ ಮೊದಲ ಮಾತೇ "ನಾನು ಕಲ್ಲು ಕೆತ್ತುವ ಕೆಲಸ ಕಲಿಯುತ್ತಿದ್ದೇನೆ" ಎಂದಿರಲಿ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಮತ್ತು ಕ್ಷಯ ಒಂದನ್ನೊಂದು ಹೋಲುವುದುಂಟು. ಕೆಲಸ ಏನೆಂದು ತಿಳಿಯದ ಡಾಕ್ಟರು ಕ್ಷಯವೆಂದೇ ತಿಳಿದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟ ಪ್ರಸಂಗಗಳು ನಮ್ಮ ದೇಶದ ಕಲ್ಲುಗಣಿಗಳಲ್ಲಿ ಬೇಕಾದಷ್ಟಿವೆ.

ರಾತ್ರಿ ಬೆರಳು ಜೋಮು ಹಿಡಿಯುವುದು, ಚಳಿಯಲ್ಲಿ ಬೆರಳ ತುದಿ ಬಿಳಿಚುವುದು ಮೆಷಿನ್ನಿನ ಕಂಪನದ ಗುರುತು. "ಎಲ್ಲರಿಗೂ ಆಗುತ್ತೆ" ಎಂದು ಹಿರಿಯರು ಹೇಳುತ್ತಾರೆ, ಮತ್ತು ಅದು ನಿಜವೂ ಹೌದು. ಎಲ್ಲರಿಗೂ ಆಗುತ್ತದೆಂದ ಮಾತ್ರಕ್ಕೆ ವಾಸಿಯಾಗುತ್ತದೆ ಎಂದಲ್ಲ. ಕಿವಿಯಲ್ಲಿ ಗುಂಯ್ ಎನ್ನುವುದೂ ಹಾಗೆಯೇ.

ಬೀಡಿ, ಗುಟ್ಕಾ, ಕುಡಿತ. ಮನೆಯವರು ಕೇಳುವುದಾದರೆ ಪೊಲೀಸರ ಹಾಗೆ ಕೇಳಬೇಡಿ. "ಅಲ್ಲಿ ಎಲ್ಲಾ ಸೇದ್ತಾರೇನೋ?" ಎಂದರೆ ಸಾಕು, ಉತ್ತರದ ಧಾಟಿಯಲ್ಲೇ ತಿಳಿಯುತ್ತದೆ. ಧೂಳು ತಿಂದ ಎದೆಗೆ ಹೊಗೆಯೂ ಸೇರಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಇನ್ನು ಮನಸ್ಸು. ಮೊದಲ ವರ್ಷ ಕಣ್ಣು ಮೂಗು ಕೆತ್ತಲು ಯಾರೂ ಕೊಡುವುದಿಲ್ಲ. ಪಾಲಿಶ್ ಉಜ್ಜುವುದು, ಉಳಿ ಕಾಯಿಸಿ ತಟ್ಟುವುದು, ಚಹಾ ತರುವುದು. ನಾನು ಇದಕ್ಕೆ ಲಾಯಕ್ಕಿಲ್ಲ ಅನ್ನಿಸುವುದು ಆಗಲೇ. ಮನೆಯಲ್ಲಿ ಹೇಳಿದರೆ "ಬಿಟ್ಟು ಬಾ" ಅನ್ನುತ್ತಾರೆಂಬ ಹೆದರಿಕೆ ಬೇರೆ. ನಿದ್ದೆ ಬಾರದೆ ವಾರಗಳಾದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ ಇದು, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಮನೆಗೆ ಹೇಳುವ ಮೊದಲು ಅಲ್ಲಿ ಹೇಳಿಕೊಂಡರೂ ತಪ್ಪಿಲ್ಲ.

ಪೆಟ್ಟಾದಾಗ

ಮೊದಲು ಆಸ್ಪತ್ರೆ, ಆಮೇಲೆ ಮನೆ. 108 ತಮಿಳುನಾಡಿನಲ್ಲೂ ಅದೇ ನಂಬರು. ಗುರುಗಳಿಗೆ ತಿಳಿಸಿ, ಜೊತೆಗೊಬ್ಬರನ್ನು ಕರೆದುಕೊಂಡು ಹೊರಡಿ.

ಕಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಅವರಿಗೂ ಆ ಕೆಲಸದ ನಡುವೆ ಕಲ್ಲಿನ ಚೂರು ಕಣ್ಣಿಗೆ ಹೊಕ್ಕು, ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತೆಂದು ಅವರ ಮನೆಯವರೇ ಪತ್ರಿಕೆಗಳಿಗೆ ಹೇಳಿದ್ದರು. ಪಳಗಿದ ಕೈಗೇ ಹೀಗಾದರೆ ಹೊಸಬರು ಕನ್ನಡಕವಿಲ್ಲದೆ ಕೂರುವುದರಲ್ಲಿ ಏನು ಶೌರ್ಯವಿದೆಯೋ ನನಗೆ ತಿಳಿಯದು. ಉಳಿಯ ತಲೆ ಹೊಡೆಸಿಕೊಂಡು ಹೂವಿನಂತೆ ಅರಳಿದ್ದರೆ ಅದರ ಕಬ್ಬಿಣದ ಚೂರೂ ಸಿಡಿಯುತ್ತದೆ. ಉಜ್ಜಿ ಸರಿಮಾಡಿಯೇ ಬಳಸಿ. ಚೂರು ಬಿದ್ದರೆ ಕಣ್ಣು ತಿಕ್ಕಬೇಡಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಹೋಗದಿದ್ದರೆ, ಅಥವಾ ಒಳಗೆ ನಾಟಿದೆ ಅನ್ನಿಸಿದರೆ, ಕೀಳಲು ಹೋಗದೆ ಒತ್ತಡ ಬೀಳದಂತೆ ಮುಚ್ಚಿಕೊಂಡು ಕಣ್ಣಿನ ಡಾಕ್ಟರ ಬಳಿ ನಡೆಯಿರಿ. ಬಟ್ಟೆಯ ಚುಂಗಿನಲ್ಲಿ ಚೂರು ತೆಗೆದುಕೊಡುವ ಪರಿಣತರು ಪ್ರತಿ ಶೆಡ್ಡಿನಲ್ಲೂ ಒಬ್ಬರಿರುತ್ತಾರೆ. ಅವರಿಗೊಂದು ನಮಸ್ಕಾರ ಹೇಳಿ ಆಟೋ ಹತ್ತಿ.

ಮನೆಗೆ ತಿಳಿಸುವ ಮಾತು ಹೀಗಿದ್ದರೆ ಸಾಕು:

"ಅಕ್ಕಾ, ಮಧ್ಯಾಹ್ನ ಎಡಗೈ ಹೆಬ್ಬೆರಳಿಗೆ ಉಳಿ ತಾಗಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದ್ದಾರೆ, ಇಂಜೆಕ್ಷನ್ ಆಯಿತು. ಬೆರಳು ಮಡಚಲು ಬರುತ್ತೆ. ಮೇಸ್ತ್ರಿ ಜೊತೆಗಿದ್ದಾರೆ. ಶುಕ್ರವಾರ ಡ್ರೆಸ್ಸಿಂಗ್. ನೀವು ಯಾರೂ ಬರೋದು ಬೇಡ. ರಾತ್ರಿ ಎಂಟಕ್ಕೆ ನಾನೇ ಫೋನ್ ಮಾಡ್ತೀನಿ, ಅವ್ವನ ಹತ್ರ ನೀನೇ ಹೇಳು."

ಏನಾಯಿತು, ಎಲ್ಲಿದ್ದೀರಿ, ಯಾರಿದ್ದಾರೆ, ಡಾಕ್ಟರು ಏನು ಮಾಡಿದರು, ಬರಬೇಕೋ ಬೇಡವೋ, ಮತ್ತೆ ಯಾವಾಗ ಫೋನು. ಇವಿಷ್ಟು ಇಲ್ಲದೆ "ಸಣ್ಣ ಗಾಯ ಅಷ್ಟೇ" ಎಂದು ಕಳಿಸಿದರೆ ಮನೆಯವರು ರಾತ್ರಿ ಬಸ್ಸು ಹತ್ತುತ್ತಾರೆ. ಚೀಟಿ ತಮಿಳಿನಲ್ಲಿದ್ದರೂ ಸರಿ, ಫೋಟೋ ತೆಗೆದು ಕಳಿಸಿ. ಔಷಧಿಯ ಹೆಸರುಗಳು ಇಂಗ್ಲಿಷಿನಲ್ಲೇ ಇರುತ್ತವೆ.

ಮನೆಯವರಿಗೆ ಒಂದೇ ಬಿನ್ನಹ: ಸುದ್ದಿ ಕೇಳಿದ ಕೂಡಲೇ "ಸಾಕು, ಬಿಟ್ಟು ಬಾ" ಅನ್ನಬೇಡಿ. ಒಮ್ಮೆ ಅಂದರೆ ಮುಂದಿನ ಗಾಯ ನಿಮಗೆ ತಿಳಿಯುವುದೇ ಇಲ್ಲ. ಗುರುಗಳೊಡನೆ ಮಾತಾಡಬೇಕಿದ್ದರೆ ಹುಡುಗನಿಗೆ ಹೇಳಿಯೇ ಮಾತಾಡಿ, ದೂರಿನ ದನಿಯಲ್ಲಿ ಬೇಡ. "ಗುರುಗಳೇ, ಇವನಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಒಣ ಗ್ರೈಂಡಿಂಗ್ ನಡೆಯೋ ಜಾಗದಲ್ಲಿ ಕೂರಿಸಬೇಡಿ ಅಂತ ಕೇಳ್ಕೋತೀನಿ" ಎಂದರೆ ಯಾವ ಗುರುವೂ ಬೇಸರ ಮಾಡಿಕೊಳ್ಳುವುದಿಲ್ಲ.

ಮನೆಯ ಕಾಯಿಲೆಯನ್ನು ಮುಚ್ಚಿಡಬೇಡಿ

"ಅವನಿಗೆ ಹೇಳಬೇಡಿ, ಕಲಿಕೆ ಕೆಡುತ್ತೆ" ಎಂದು ಅಪ್ಪನ ಸಕ್ಕರೆ ಕಾಯಿಲೆಯನ್ನು, ಅಜ್ಜಿಯ ಸೊಂಟ ಮುರಿದದ್ದನ್ನು ಮುಚ್ಚಿಡುವ ಮನೆಗಳು ಬಹಳ. ಕೊನೆಗೆ ಅವನಿಗೆ ಗೊತ್ತಾಗುವುದು ಯಾರದೋ ಸ್ಟೇಟಸ್ಸಿನಿಂದ. ಅಂದಿನಿಂದ ಅವನೂ ಮುಚ್ಚಿಡಲು ಕಲಿಯುತ್ತಾನೆ. ಮೇಲಿನ ಕ್ರಮದಲ್ಲೇ ಅವನಿಗೂ ಹೇಳಿ. ಮೊದಲ ವಾಕ್ಯದಲ್ಲೇ "ನೀನು ಈಗ ಬರೋದೇನೂ ಬೇಡ" ಅಥವಾ "ಇವತ್ತೇ ಹೊರಡು" ಎರಡರಲ್ಲಿ ಒಂದು ಇರಲಿ, ಉಳಿದದ್ದು ಆಮೇಲೆ.

ದೂರದಿಂದಲೂ ಅವನು ಮಾಡಬಹುದಾದ ಕೆಲಸ ಇರುತ್ತದೆ. ಅಪ್ಪನ ಮಾತ್ರೆಗಳ ಫೋಟೋ ಅವನ ಬಳಿ ಇದ್ದರೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಕಡಿಮೆಗೆ ಸಿಗುತ್ತದೆಯೇ ಎಂದು ವಿಚಾರಿಸಬಹುದು. ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ವಿಡಿಯೋದಲ್ಲಿ ಪುಕ್ಕಟೆ ಮಾತಾಡಬಹುದು. ಅದನ್ನು ಅಪ್ಪನಿಗೆ ಹೇಳಿಕೊಡಲು ಮನೆಯಲ್ಲಿ ಬೇರೆ ಯಾರಿಗೂ ಬರದಿದ್ದರೆ ಅವನೇ ಫೋನಿನಲ್ಲಿ ಹೇಳಿಕೊಡಲಿ.

ಒಂದು ಕಾಯಿಲೆಯನ್ನಂತೂ ಮುಚ್ಚಿಡಲೇಬಾರದು: ಕ್ಷಯ. ನಾಚಿಕೆಗೆ ಅದನ್ನು ನೆರೆಯವರಿಂದ ಮುಚ್ಚಿಡಿ ಬೇಕಿದ್ದರೆ, ಮಗನಿಂದ ಬೇಡ. ಹಬ್ಬಕ್ಕೆಂದು ಮನೆಗೆ ಬಂದು ಹತ್ತು ದಿನ ಅದೇ ಕೋಣೆಯಲ್ಲಿ ಮಲಗಿ ಹೋಗುವ ಹುಡುಗನ ಎದೆಯಲ್ಲಿ ಕಲ್ಲಿನ ಧೂಳಿರುತ್ತದೆ. ಕ್ಷಯ ರೋಗಿಯ ಮನೆಯವರನ್ನೆಲ್ಲ ಪರೀಕ್ಷಿಸಿ, ಬೇಕಾದವರಿಗೆ ಮುಂಜಾಗ್ರತೆಯ ಮಾತ್ರೆ ಕೊಡುವ ವ್ಯವಸ್ಥೆ ಸರ್ಕಾರಿ ಆಸ್ಪತ್ರೆಯಲ್ಲಿದೆ. ಆ ಪಟ್ಟಿಯಲ್ಲಿ ಊರಲ್ಲಿಲ್ಲದ ಮಗನ ಹೆಸರನ್ನೂ ಹೇಳಿ ಸೇರಿಸಿ, ಅವನ ಕೆಲಸ ಏನೆಂದೂ ಬರೆಸಿ.

ಹಬ್ಬಕ್ಕೆ ಬರುವ ಹುಡುಗರಿಗೂ ಒಂದು ಮಾತು. ಶೆಡ್ಡಿನ ಬಟ್ಟೆಯನ್ನು ಒಗೆಸಲೆಂದು ಹಾಗೇ ಚೀಲಕ್ಕೆ ತುರುಕಿಕೊಂಡು ಬರಬೇಡಿ. ಅವ್ವ ಅದನ್ನು ಜಾಡಿಸಿಯೇ ನೆನೆಹಾಕುವುದು, ಅಕ್ಕನ ಕೂಸು ಅಲ್ಲೇ ಆಡುತ್ತಿರುತ್ತದೆ. ಅಲ್ಲೇ ನೀರಿನಲ್ಲಿ ಅದ್ದಿ ಹಿಂಡಿ ಒಣಗಿಸಿಕೊಂಡು, ಬೇರೆ ಬಟ್ಟೆ ತೊಟ್ಟು ಬಸ್ಸು ಹತ್ತಿ. ಬಂದ ಮಾರನೆಯ ದಿನ ಬೆಳಿಗ್ಗೆಯೇ ಎಕ್ಸ್‌ರೇಗೆ ಹೋಗಿಬಿಡಿ. ನೆಂಟರ ಓಡಾಟ ಶುರುವಾದ ಮೇಲೆ ಆಸ್ಪತ್ರೆಗೆ ಬಿಡುವಾಗುವುದಿಲ್ಲ.